ಮಾತ್ರೆ ಬದಲಿಸುವ ಮುಂಚೆ ಕೀವು ಪರೀಕ್ಷೆ ಮಾಡಿಸಿ

ಡೈರಿಗೆ ಹಾಲು ಹಾಕಿದರೆ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ಆಗಲೇ ಗೊತ್ತಾಗುತ್ತೆ. ಬೆಳೆ ಹಳದಿ ಆದರೆ ಮಣ್ಣು ಪರೀಕ್ಷೆ ಮಾಡಿಸೋಣ ಅಂತೀವಿ. ಹಸುವಿಗೆ ಕೆಚ್ಚಲು ಬಾವು ಮತ್ತೆ ಮತ್ತೆ ಬಂದರೆ ಹಾಲನ್ನ ಲ್ಯಾಬ್‌ಗೆ ಕಳಿಸಿ ಅಂತ ಪಶುವೈದ್ಯರು ಹೇಳ್ತಾರೆ, ನಾವೂ ಕಳಿಸ್ತೀವಿ. ಆದರೆ ಆ ಹಸು ಹಿಂಡೋ ಕೈಯಲ್ಲೇ ಕುರು ಎದ್ದು ಕೀವು ತುಂಬಿದರೆ ಏನು ಮಾಡ್ತೀವಿ? ಮೆಡಿಕಲ್ ಶಾಪ್ ಮುಂದೆ ಬೈಕ್ ನಿಲ್ಲಿಸಿ, "ಅಣ್ಣಾ, ಕೈಗೆ ಕುರು ಎದ್ದೈತೆ, ಏನಾದ್ರೂ ಮಾತ್ರೆ ಕೊಡಿ" ಅಂತೀವಿ. ಮೂರು ದಿನಕ್ಕೆ ಕಮ್ಮಿ ಆಗದಿದ್ದರೆ ಮತ್ತೆ ಹೋಗಿ, "ಇದು ಕೆಲ್ಸ ಮಾಡ್ಲಿಲ್ಲ, ಸ್ವಲ್ಪ ಪವರ್ ಇರೋದು ಕೊಡಿ" ಅಂತೀವಿ.

ಈ ಎರಡನೇ ಸಲದ ಮಾತಿನ ಬಗ್ಗೆಯೇ ಈ ವಾರದ ಲೇಖನ. ಮೊದಲ ಮಾತ್ರೆಗೆ ಬಗ್ಗದ ಕುರುವಿಗೆ ಎರಡನೇ ಮಾತ್ರೆಯನ್ನ ಊಹೆ ಮೇಲೆ ನುಂಗಬಾರದು. ಅಲ್ಲಿಗೆ ಊಹೆ ನಿಲ್ಲಬೇಕು, ಪರೀಕ್ಷೆ ಶುರುವಾಗಬೇಕು.

ಹಠಮಾರಿ ಕುರು ಅಂದರೆ ಏನು?

ಕುರು, ಉಗುರುಸುತ್ತು, ಗಾಯದ ಕೀವು, ಬೆನ್ನುಫಣಿ, ಇವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಸ್ಟ್ಯಾಫಿಲೋಕಾಕಸ್ ಆರಿಯಸ್ ಅನ್ನೋ ಬ್ಯಾಕ್ಟೀರಿಯಾ. ಚಿಕ್ಕದಾಗಿ ಸ್ಟ್ಯಾಫ್ ಅಂತಾರೆ. ಹತ್ತು ಜನ ಆರೋಗ್ಯವಂತರನ್ನ ತಗೊಂಡರೆ ಸುಮಾರು ಮೂರು ಜನರ ಮೂಗಿನಲ್ಲಿ ಇದು ಸುಮ್ಮನೆ ಕೂತಿರುತ್ತೆ, ಏನೂ ತೊಂದರೆ ಕೊಡಲ್ಲ. ಚರ್ಮದಲ್ಲಿ ಒಂದು ಸೀಳು ಸಿಕ್ಕಿದರೆ ಒಳಗೆ ನುಗ್ಗುತ್ತೆ.

ನಮ್ಮ ಕೆಲಸದಲ್ಲಿ ಸೀಳಿಗೇನು ಬರ? ಪಾಂಡವಪುರ, ಕೆ.ಆರ್. ಪೇಟೆ ಕಡೆ ಕಬ್ಬು ಕಟಾವಿಗೆ ಇಳಿದರೆ ಸೋಗೆಯ ಅಂಚು ಮುಂಗೈಯನ್ನ ಬ್ಲೇಡಿನ ಹಾಗೆ ಗೀರುತ್ತೆ. ಆಲೆಮನೆಯಲ್ಲಿ ಕೊಪ್ಪರಿಗೆ ಪಾಕ ಸಿಡಿದು ಬೊಬ್ಬೆ ಏಳುತ್ತೆ. ಶ್ರೀರಂಗಪಟ್ಟಣದ ನಾಲೆ ಬಯಲಲ್ಲಿ ನಾಟಿ ಹಾಕುವಾಗ ದಿನವಿಡೀ ಕೆಸರಲ್ಲಿ ನಿಂತು ಕಾಲ್ಬೆರಳ ಸಂದಿ ಬಿರಿಯುತ್ತೆ. ನಾಗಮಂಗಲದ ತೆಂಗಿನ ತೋಟದಲ್ಲಿ, ಬೇಲಿ ಕೆಲಸದಲ್ಲಿ ಮುಳ್ಳು, ಸಿಬಿರು ತಪ್ಪಿದ್ದಲ್ಲ. ಗರಡಿ ಮಟ್ಟಿಯಲ್ಲಿ, ಕಬಡ್ಡಿ ಅಂಕಣದಲ್ಲಿ ಮೈಗೆ ಮೈ ತಾಗಿ ತರಚೋದು ಇದ್ದೇ ಇದೆ.

ಸ್ಟ್ಯಾಫ್‌ನಲ್ಲೇ ಒಂದು ಜಾತಿ ಪೆನಿಸಿಲಿನ್ ಕುಟುಂಬದ ಔಷಧಿಗಳಿಗೆ ಸಾಯಲ್ಲ. ಅದಕ್ಕೆ ಎಂಆರ್‌ಎಸ್‌ಎ ಅಂತ ಹೆಸರು. ನಾವು ಕೇಳಿರೋ ಅಮಾಕ್ಸಿಸಿಲಿನ್, ಕ್ಲಾಕ್ಸಾಸಿಲಿನ್, ಸೆಫಲೆಕ್ಸಿನ್, ಸಿಫಿಕ್ಸಿಮ್ ಯಾವುದೂ ಇದರ ಮೇಲೆ ನಡೆಯಲ್ಲ. 1959ರಲ್ಲಿ ಮೆತಿಸಿಲಿನ್ ಅನ್ನೋ ಔಷಧಿ ಬಂತು. ಎರಡೇ ವರ್ಷಕ್ಕೆ, 1961ರಲ್ಲಿ, ಇಂಗ್ಲೆಂಡಿನಲ್ಲಿ ಅದಕ್ಕೆ ಬಗ್ಗದ ಸ್ಟ್ಯಾಫ್ ಪತ್ತೆ ಆಯ್ತು. ಇವತ್ತು ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಪರೀಕ್ಷೆಗೆ ಸಿಗೋ ಸ್ಟ್ಯಾಫ್‌ನಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಈ ಜಾತಿಯದೇ ಅಂತ ಐಸಿಎಂಆರ್‌ನ ಇತ್ತೀಚಿನ ವರದಿಗಳು ಹೇಳ್ತವೆ. ಅದು ದೊಡ್ಡ ಆಸ್ಪತ್ರೆಗಳ ಲೆಕ್ಕ, ನಮ್ಮ ಊರಿನ ಪ್ರತಿ ಕುರುವಿನ ಲೆಕ್ಕ ಅಲ್ಲ. ಆದರೂ ಇದು ಎಲ್ಲೋ ದೂರದ ಕಾಯಿಲೆ ಅಂತ ಸುಮ್ಮನಿರೋ ಹಾಗಿಲ್ಲ.

ಭತ್ತದ ಕಂದು ಜಿಗಿಹುಳ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಕೀಟನಾಶಕವನ್ನ ಮತ್ತೆ ಮತ್ತೆ, ಒಂದು ಸಲ ಕಮ್ಮಿ, ಒಂದು ಸಲ ಜಾಸ್ತಿ ಹೊಡೆದರೆ ಮೆತ್ತಗಿನ ಹುಳ ಸಾಯ್ತವೆ, ಗಟ್ಟಿ ಹುಳ ಉಳಿದು ಮರಿ ಹಾಕ್ತವೆ. ಮೈಯೊಳಗೂ ಇದೇ ನಡೆಯೋದು.

ಕಣ್ಣಿಗೆ ಏನು ಕಾಣುತ್ತೆ?

ಒಂದು ಮಾತನ್ನ ಮೊದಲೇ ಹೇಳಿಬಿಡ್ತೀನಿ. ಬರೀ ಕಣ್ಣಲ್ಲಿ ನೋಡಿ "ಇದು ಎಂಆರ್‌ಎಸ್‌ಎ, ಇದು ಮಾಮೂಲಿ ಕುರು" ಅಂತ ಹೇಳೋಕೆ ದೊಡ್ಡ ಡಾಕ್ಟರಿಗೂ ಆಗಲ್ಲ. ಫೋನಲ್ಲಿ ಫೋಟೋ ಹುಡುಕಿ ಹೋಲಿಸಿದರೂ ಆಗಲ್ಲ. ಆದರೆ ಅನುಮಾನ ಪಡೋಕೆ ಗುರುತುಗಳಿವೆ.

ಸಾಮಾನ್ಯವಾಗಿ ಶುರುವಾಗೋದು ಮೊಡವೆ ತರ, ಇಲ್ಲಾ ಹುಳ ಕಚ್ಚಿದ ತರ ಒಂದು ಗುಳ್ಳೆಯಿಂದ. "ಏನೋ ಜೇಡ ಕಚ್ಚಿರಬೇಕು" ಅಂತ ಬಿಟ್ಟುಬಿಡ್ತೀವಿ. ಒಂದೆರಡು ದಿನಕ್ಕೆ ಅದು ಊದಿ ಬಿಸಿ ಆಗುತ್ತೆ, ಮುಟ್ಟಿದರೆ ನೋಯುತ್ತೆ, ನಡುವೆ ಹಳದಿ ಬಾಯಿ ಮಾಡುತ್ತೆ, ಕೀವು ಬರುತ್ತೆ. ಪುಸ್ತಕಗಳಲ್ಲಿ ಚರ್ಮ ಕೆಂಪಾಗುತ್ತೆ ಅಂತ ಬರೆದಿರುತ್ತೆ. ನಮ್ಮಂಥ ಕಂದು, ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದೇ ಇರಬಹುದು. ಸುತ್ತಲಿನ ಚರ್ಮಕ್ಕಿಂತ ಗಾಢವಾಗಿ, ನೇರಳೆ ಬಣ್ಣಕ್ಕೆ ತಿರುಗಿ, ಬಿಗಿದು ಹೊಳೆಯೋ ಹಾಗೆ ಕಾಣುತ್ತೆ. ಕೆಂಪಿಲ್ಲ ಅಂದ ಮಾತ್ರಕ್ಕೆ ಸೋಂಕಿಲ್ಲ ಅಂತಲ್ಲ. ಅಂಗೈ ಹಿಂಭಾಗ ಇಟ್ಟು ಬಿಸಿ ನೋಡಿ, ಇನ್ನೊಂದು ಕೈ ಅಥವಾ ಕಾಲಿನ ಅದೇ ಜಾಗದ ಜೊತೆ ಹೋಲಿಸಿ.

ಇಷ್ಟು ಎಲ್ಲ ಕುರುವಿಗೂ ಇರೋದೇ. ಅನುಮಾನ ಗಟ್ಟಿ ಆಗೋದು ಇವು ಇದ್ದಾಗ:

- ಡಾಕ್ಟರ್ ಕೊಟ್ಟ ಆಂಟಿಬಯೋಟಿಕ್ ಸರಿಯಾಗಿ ತಗೊಂಡು 48 ಗಂಟೆ ಕಳೆದರೂ ಊತ, ನೋವು ಕಮ್ಮಿ ಆಗದೆ ಹರಡ್ತಾ ಇದ್ದರೆ.
- ಒಂದು ಕುರು ವಾಸಿ ಆಗಿ, ತಿಂಗಳೊಳಗೆ ಅಲ್ಲೇ ಅಥವಾ ತೊಡೆ, ಪಿರ್ರೆ, ಕಂಕುಳಲ್ಲಿ ಇನ್ನೊಂದು ಎದ್ದರೆ.
- ಮನೆಯಲ್ಲಿ ಇಬ್ಬರು ಮೂವರಿಗೆ, ಒಂದೇ ಕಬಡ್ಡಿ ಟೀಮಿನವರಿಗೆ, ಒಂದೇ ಶೆಡ್‌ನಲ್ಲಿ ಮಲಗೋ ಕಟಾವು ಗ್ಯಾಂಗಿನವರಿಗೆ ಬೆನ್ನುಬೆನ್ನಿಗೆ ಕುರು ಬಂದರೆ.
- ಇತ್ತೀಚೆಗೆ ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ, ಆಪರೇಷನ್ ಆಗಿದ್ದರೆ, ಅಥವಾ ಕಳೆದ ಕೆಲವು ತಿಂಗಳಲ್ಲಿ ಪದೇಪದೇ ಆಂಟಿಬಯೋಟಿಕ್ ನುಂಗಿದ್ದರೆ.

ಪೆನ್ನು, ನಾಣ್ಯ, ಫೋನು

ಈ 48 ಗಂಟೆ ಲೆಕ್ಕ ಇಡೋದಕ್ಕೆ ನಿಮ್ಮ ಜೇಬಲ್ಲಿರೋ ಫೋನೇ ಸಾಕು. ಊತದ ಅಂಚು ಎಲ್ಲಿಗೆ ನಿಂತಿದೆಯೋ ಅಲ್ಲಿ ಸುತ್ತಲೂ ಬಾಲ್ ಪೆನ್ನಲ್ಲಿ ಒಂದು ಗೆರೆ ಎಳೀರಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ಹಗಲು ಬೆಳಕಲ್ಲಿ ಫೋಟೋ ತೆಗೀರಿ. ಮಾತ್ರೆ ಸ್ಟ್ರಿಪ್ಪಿನ ಹೆಸರು ಕಾಣೋ ಹಾಗೆ ಇನ್ನೊಂದು ಫೋಟೋ. ಮೊದಲ ಮಾತ್ರೆ ನುಂಗಿದ ಹೊತ್ತನ್ನ ಬರೆದಿಡಿ. ಬೆಳಗ್ಗೆ ಒಂದು, ಸಂಜೆ ಒಂದು ಫೋಟೋ ಸಾಕು.

ಮಾತ್ರೆ ಶುರು ಮಾಡಿದ ಮೊದಲ ದಿನ ಗೆರೆ ದಾಟಿ ಸ್ವಲ್ಪ ಹರಡಬಹುದು, ಅದಕ್ಕೆ ಗಾಬರಿ ಬೇಡ. ಎರಡು ದಿನ ಕಳೆದ ಮೇಲೂ ಗೆರೆ ದಾಟ್ತಾ ಇದ್ದರೆ ಆ ಮಾತ್ರೆ ಮುಟ್ಟಬೇಕಾದ್ದನ್ನ ಮುಟ್ಟಿಲ್ಲ ಅಂತ ಅರ್ಥ. ಅದಕ್ಕೆ ಕಾರಣ ಹಠಮಾರಿ ಬ್ಯಾಕ್ಟೀರಿಯಾನೇ ಆಗಿರಬೇಕು ಅಂತೇನಿಲ್ಲ. ಒಳಗೆ ಕೀವಿನ ಗೂಡು ಕಟ್ಟಿದ್ದರೆ ಎಂಥ ಒಳ್ಳೆ ಔಷಧಿಯೂ ಅಲ್ಲಿಗೆ ಸರಿಯಾಗಿ ತಲುಪಲ್ಲ. ಅದನ್ನ ಡಾಕ್ಟರ್ ಸಣ್ಣದಾಗಿ ಕೊಯ್ದು ಹೊರಗೆ ತೆಗೀಬೇಕು. ಎಷ್ಟೋ ಕುರುವಿಗೆ ಅದೇ ಮುಖ್ಯ ಚಿಕಿತ್ಸೆ. ಒಳಗೆ ಸಿಬಿರೋ ಮುಳ್ಳೋ ಮುರಿದು ಕೂತಿರಬಹುದು. ಸಕ್ಕರೆ ಕಾಯಿಲೆ ಇದ್ದು ಗೊತ್ತೇ ಆಗದಿರಬಹುದು. ಹೆಗಲ ಮೇಲೆ, ಬೆನ್ನ ಮೇಲೆ ದೊಡ್ಡ ಕುರು ಎದ್ದವರಲ್ಲಿ ರಕ್ತ ಪರೀಕ್ಷೆ ಮಾಡಿದಾಗಲೇ ಸಕ್ಕರೆ ಇರೋದು ಗೊತ್ತಾಗೋದು ಹೊಸದೇನಲ್ಲ. ಈ ಯಾವ ಕಾರಣಕ್ಕೂ ಮೆಡಿಕಲ್ ಶಾಪಿನ "ಪವರ್" ಮಾತ್ರೆ ಉತ್ತರ ಅಲ್ಲ.

48 ಗಂಟೆ ಕಾಯಬಾರದ ಲಕ್ಷಣಗಳು

ಕೆಲವು ಸಂದರ್ಭದಲ್ಲಿ ಗೆರೆ ಎಳ್ಕೊಂಡು ಕೂರಬಾರದು, ಆಗಲೇ ಹೊರಡಬೇಕು. ಚಳಿ ಜ್ವರ ಬಂದರೆ. ಗಾಯದಿಂದ ಮೇಲಕ್ಕೆ ಕೈಯಲ್ಲೋ ಕಾಲಲ್ಲೋ ಗೆರೆ ಎಳೆದ ಹಾಗೆ ಬಣ್ಣ ಬದಲಾದರೆ, ಕಂಕುಳಲ್ಲಿ, ತೊಡೆ ಸಂದಿಯಲ್ಲಿ ಗಡ್ಡೆ ಸಿಕ್ಕಿದರೆ. ಮುಖದಲ್ಲಿ, ಅದರಲ್ಲೂ ಮೂಗು, ಕಣ್ಣಿನ ಸುತ್ತ ಕುರು ಎದ್ದರೆ. ಸಕ್ಕರೆ ಕಾಯಿಲೆಯವರಿಗೆ, ಬಸುರಿಯರಿಗೆ, ಎಳೆ ಮಕ್ಕಳಿಗೆ, ವಯಸ್ಸಾದವರಿಗೆ ಆಗಿದ್ದರೆ.

ಇನ್ನೂ ಅಪಾಯದ ಗುರುತುಗಳಿವೆ. ಕಣ್ಣಿಗೆ ಕಾಣೋ ಗಾಯ ಚಿಕ್ಕದು, ನೋವು ಮಾತ್ರ ತಡೆಯೋಕೆ ಆಗದಷ್ಟು. ಗಂಟೆ ಗಂಟೆಗೂ ಊತ ಏರ್ತಾ ಹೋಗೋದು. ಚರ್ಮ ಕಪ್ಪಾಗಿ ನೀರುಗುಳ್ಳೆ ಏಳೋದು. ಉಸಿರು ಜೋರಾಗೋದು, ಮಾತು ತಡವರಿಸೋದು, ಮಂಪರು ಕವಿಯೋದು. ಸೋಂಕು ಆಳಕ್ಕೆ ಇಳಿದಿದೆ, ಇಲ್ಲಾ ರಕ್ತಕ್ಕೆ ಸೇರಿದೆ ಅನ್ನೋದಕ್ಕೆ ಇವು ಸೂಚನೆ. 108ಕ್ಕೆ ಕರೆ ಮಾಡಿ. "ಬೆಳಗ್ಗೆ ನೋಡೋಣ" ಅನ್ನೋ ಮಾತೇ ಬೇಡ.

ನಮ್ಮ ಕಸುಬಿನವರಿಗೆ ಇನ್ನೊಂದು ಸಂಗತಿ. ಜ್ವರದ ಜೊತೆ ಮೈಮೇಲೆ ಎಲ್ಲೋ ನೋವೇ ಇಲ್ಲದ ಕಪ್ಪು ಹಕ್ಕಳೆ ಕಂಡರೆ ಅದು ಕುರು ಅಲ್ಲ. ಪೊದೆಯ ಸಣ್ಣ ಹುಳದಿಂದ ಬರೋ ಸ್ಕ್ರಬ್ ಟೈಫಸ್ ಇರಬಹುದು. ಸತ್ತ ಕುರಿ, ದನ ಮುಟ್ಟಿದ ಮೇಲೆ ಅಂಥ ಹಕ್ಕಳೆ ಆಗಿದ್ದರೆ, ಜ್ವರ ಇಲ್ಲದಿದ್ದರೂ, ನೆರಡಿ ರೋಗ ಅಂದರೆ ಆಂಥ್ರಾಕ್ಸ್ ಇರಬಹುದು. ಡಾಕ್ಟರಿಗೆ ಹೊಲದ ಕೆಲಸ, ದನದ ಸಂಗತಿ ಎರಡನ್ನೂ ತಪ್ಪದೆ ಹೇಳಿ.

ಎರಡನೇ ಊಹೆ ಯಾಕೆ ದುಬಾರಿ?

ಊಹೆ ಮೇಲೆ ಮಾತ್ರೆ ಬದಲಿಸಿದಾಗ ಮೂರು ನಷ್ಟ ಆಗುತ್ತೆ. ಮೊದಲನೇದು ದಿನ. ಬಗ್ಗದ ಔಷಧಿ ನುಂಗ್ತಾ ಕೂತ ಒಂದೊಂದು ದಿನವೂ ಕೀವು ಒಳಕ್ಕೆ ಇಳಿಯುತ್ತೆ. ಎರಡನೇದು ಪುರಾವೆ. ಹಲವು ಆಂಟಿಬಯೋಟಿಕ್ ನುಂಗಿ ಕೀವು ಕೊಟ್ಟರೆ ಲ್ಯಾಬಿನಲ್ಲಿ ಏನೂ ಬೆಳೆಯದೇ ಇರಬಹುದು. ಆಗ ಯಾವ ಔಷಧಿ ನಡೆಯುತ್ತೆ ಅಂತ ಹೇಳೋದೇ ಕಷ್ಟ. ಮೂರನೇದು ಮುಂದಿನ ಸಲದ ಔಷಧಿ. ಈಗ ಸುಮ್ಮನೆ ಖರ್ಚು ಮಾಡಿದ ಮಾತ್ರೆ ನಾಳೆ ನಿಜವಾಗಿ ಬೇಕಾದಾಗ ನಡೆಯದೇ ಹೋಗಬಹುದು. ಸಿಫಿಕ್ಸಿಮ್ ಅಂತೂ ಮೊದಲಿಂದಲೂ ಸ್ಟ್ಯಾಫ್‌ಗೆ ತಕ್ಕ ಔಷಧಿ ಅಲ್ಲ. ಆದರೂ ಕುರು ಅಂದರೆ ಅದನ್ನೇ ನುಂಗೋರು ಎಷ್ಟೋ ಜನ.

2019ರಲ್ಲಿ ಪ್ರಪಂಚದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ನೇರವಾಗಿ ಸುಮಾರು 12.7 ಲಕ್ಷ ಜನ ಸತ್ತರು, ಅದರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸಾವು ಎಂಆರ್‌ಎಸ್‌ಎ ಒಂದರಿಂದಲೇ ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತೆ.

ಮುಲಾಮಿನ ವಿಚಾರವೂ ಇದೇ. ಹುಳುಕಡ್ಡಿಗೆ ಅಂತ ತಂದ, ಸ್ಟೀರಾಯ್ಡ್ ಬೆರೆತ ಟ್ಯೂಬನ್ನೇ ಕುರುವಿಗೂ ಬಳೀತೀವಿ. ಸ್ಟೀರಾಯ್ಡ್ ಹಚ್ಚಿದರೆ ಕೆಂಪು, ತುರಿಕೆ ಎರಡು ದಿನ ಅಡಗುತ್ತೆ, ಆದರೆ ಸೋಂಕಿನ ವಿರುದ್ಧ ಹೋರಾಡೋ ಚರ್ಮದ ಶಕ್ತಿಯೂ ಕುಗ್ಗುತ್ತೆ. ರೋಗದ ಗುರುತು ಮಾಸುತ್ತೆ, ರೋಗ ಮಾಸಲ್ಲ.

ಕಾನೂನೂ ಇದೆ. ಸಿಫಿಕ್ಸಿಮ್, ಲಿವೊಫ್ಲಾಕ್ಸಾಸಿನ್ ಸೇರಿದಂತೆ ಹಲವು ಔಷಧಿಗಳು 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್-1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಕೊಡೋ ಹಾಗಿಲ್ಲ, ಡಾಕ್ಟರ್ ಹೆಸರು, ರೋಗಿ ಹೆಸರು ಅಂಗಡಿಯ ಪುಸ್ತಕದಲ್ಲಿ ಬರೀಬೇಕು. ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ್ ಹೇಳದೆ ನುಂಗಬಾರದ ಮಾತ್ರೆ. ಮುಂದಿನ ಸಲ ತಿರುಗಿಸಿ ನೋಡಿ.

ಕೀವು ಪರೀಕ್ಷೆ: ಏನು, ಎಲ್ಲಿ?

ಪರೀಕ್ಷೆಯ ಹೆಸರು ಪಸ್ ಕಲ್ಚರ್ ಅಂಡ್ ಸೆನ್ಸಿಟಿವಿಟಿ. ಕೀವಿನ ಸ್ವಲ್ಪ ಭಾಗವನ್ನ ಶುದ್ಧವಾದ ಹತ್ತಿ ಕಡ್ಡಿಯಲ್ಲೋ ಸಿರಿಂಜಲ್ಲೋ ತೆಗೆದು ಲ್ಯಾಬಿನಲ್ಲಿ ಬೆಳೆಸ್ತಾರೆ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಸಾಯುತ್ತೆ, ಯಾವುದಕ್ಕೆ ಸಾಯಲ್ಲ ಅಂತ ಪಟ್ಟಿ ಬರುತ್ತೆ. ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಎಂಆರ್‌ಎಸ್‌ಎ ಅಂತ ಬಂದರೂ ಎದೆಗುಂದಬೇಡಿ. ಅದಕ್ಕೆ ನಡೆಯೋ ಔಷಧಿಗಳಿವೆ, ಮಾತ್ರೆ ರೂಪದಲ್ಲೂ ಇವೆ. ಯಾವುದು, ಎಷ್ಟು ದಿನ ಅನ್ನೋದನ್ನ ಆ ಪಟ್ಟಿ ನೋಡಿ ಡಾಕ್ಟರ್ ತೀರ್ಮಾನ ಮಾಡ್ತಾರೆ.

ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಕುರು ಕೊಯ್ದು ಕೀವು ತೆಗೆಯೋದಾದರೆ ಅದಕ್ಕೂ ಮುಂಚೆ ಕೇಳಿ: "ಸಾರ್, ಎರಡು ದಿನದ ಮಾತ್ರೆಗೆ ಬಗ್ಗಿಲ್ಲ, ಕೀವನ್ನ ಕಲ್ಚರ್‌ಗೆ ಕಳಿಸೋಕೆ ಆಗುತ್ತಾ?" ಲೇಡಿ ಡಾಕ್ಟರ್ ಇದ್ದರೆ "ಮೇಡಂ" ಅನ್ನಿ, ಪ್ರಶ್ನೆ ಅದೇ. ಫೋನಲ್ಲಿರೋ ಫೋಟೋ ತೋರಿಸಿ. ಅಲ್ಲಿ ಸೌಲಭ್ಯ ಇಲ್ಲ ಅಂದರೆ ಎಲ್ಲಿಗೆ ಹೋಗಬೇಕು ಅಂತ ಚೀಟಿ ಬರೆಸಿಕೊಳ್ಳಿ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ, ನಾಗಮಂಗಲ ಕಡೆಯವರಿಗೆ ಬೆಳ್ಳೂರಿನ ಆದಿಚುಂಚನಗಿರಿ ಮೆಡಿಕಲ್ ಕಾಲೇಜು ಇವೆ. ಮೆಡಿಕಲ್ ಕಾಲೇಜು ಅಂದ ಮೇಲೆ ಮೈಕ್ರೋಬಯಾಲಜಿ ವಿಭಾಗ ಇದ್ದೇ ಇರುತ್ತೆ. ವರದಿ ಬಂದ ಮೇಲೆ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಸಲ ಅದೇ ದಾರಿ ತೋರಿಸುತ್ತೆ.

ಮನೆ, ಕೊಟ್ಟಿಗೆ, ಅಂಕಣ

ಕುರುವನ್ನ ಹಿಂಡಬೇಡಿ, ಸೂಜಿಯಲ್ಲಿ ಚುಚ್ಚಬೇಡಿ. ಹಿಂಡಿದರೆ ಅರ್ಧ ಕೀವು ಹೊರಗೆ, ಅರ್ಧ ಒಳಗೆ. ಸುಣ್ಣ, ಬೂದಿ, ಸೀಮೆಎಣ್ಣೆ ಬೇಡ. ಬಿಸಿನೀರಲ್ಲಿ ಅದ್ದಿದ ಶುಭ್ರ ಬಟ್ಟೆಯ ಶಾಖ ದಿನಕ್ಕೆ ಮೂರು ನಾಲ್ಕು ಸಲ ಕೊಡಬಹುದು. ಒಣಗಿದ ಬಟ್ಟೆ ಕಟ್ಟಿ ಮುಚ್ಚಿಡಿ, ಕಟ್ಟು ಬದಲಿಸಿದ ಮೇಲೆ ಸೋಪಲ್ಲಿ ಕೈ ತೊಳೀರಿ. ಟವಲ್, ರೇಜರ್, ಹಾಸಿಗೆ ಹಂಚಿಕೊಳ್ಳಬೇಡಿ. ಬಟ್ಟೆಯನ್ನ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಗಾಯ ಒಣಗೋ ತನಕ ಮಟ್ಟಿಗೆ, ಅಂಕಣಕ್ಕೆ ಇಳಿಯಬೇಡಿ, ಕೀವು ಸೋರೋ ಗಾಯ ಇಟ್ಟುಕೊಂಡು ಹೊಳೆ, ಕೆರೆಗೆ ಬೀಳಬೇಡಿ.

ಕೊಟ್ಟಿಗೆಯ ಕಡೆಗೂ ಇದೇ ನಿಯಮ. ಹಸುವಿನ ಕೆಚ್ಚಲು ಬಾವಿಗೂ ಸ್ಟ್ಯಾಫ್ ಒಂದು ದೊಡ್ಡ ಕಾರಣ. ಕೈಯಿಂದ ಕೆಚ್ಚಲಿಗೆ, ಕೆಚ್ಚಲಿಂದ ಕೈಗೆ ಇದು ದಾಟಬಲ್ಲದು. ಕೈಯಲ್ಲಿ ಕುರು ಇದ್ದರೆ ಹಾಲು ಕರೆಯೋ ಕೆಲಸ ಮನೆಯ ಬೇರೆಯವರಿಗೆ ಬಿಡಿ. ಬಾವು ಬಂದ ಹಸುವನ್ನ ಕೊನೆಗೆ ಹಿಂಡಿ, ಆಮೇಲೆ ಕೈ ತೊಳೀರಿ. ನೆದರ್ಲೆಂಡ್ಸ್ ದೇಶದಲ್ಲಿ 2000ದ ದಶಕದಲ್ಲಿ ಹಂದಿ ಸಾಕೋ ಕುಟುಂಬಗಳಲ್ಲಿ, ಅವರ ಹಂದಿಗಳಲ್ಲಿ ಒಂದೇ ಜಾತಿಯ ಎಂಆರ್‌ಎಸ್‌ಎ ಸಿಕ್ಕಿತ್ತು. ಅಲ್ಲಿಂದ ಮುಂದೆ ಆ ದೇಶ ಪ್ರಾಣಿಗಳಿಗೆ ಕೊಡೋ ಆಂಟಿಬಯೋಟಿಕ್‌ಗೆ ಬಿಗಿ ಕಡಿವಾಣ ಹಾಕ್ತು. ನಮ್ಮಲ್ಲೂ 2019ರಲ್ಲಿ ಪ್ರಾಣಿ, ಕೋಳಿ ಸಾಕಣೆಗೆ ಕೊಲಿಸ್ಟಿನ್ ಬಳಕೆ ನಿಷೇಧ ಆಯ್ತು. ಬೆಳೆಗೆ ಸಿಂಪಡಿಸೋ ಸ್ಟ್ರೆಪ್ಟೋಮೈಸಿನ್-ಟೆಟ್ರಾಸೈಕ್ಲಿನ್ ನಿಲ್ಲಿಸೋದಕ್ಕೆ ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಕರಡು ಆದೇಶ ಹೊರಡಿಸಿತು. ಹಸುವಿಗೆ ಉಳಿದ ಇಂಜೆಕ್ಷನ್ ಇನ್ನೊಂದು ಹಸುವಿಗೆ ಚುಚ್ಚೋದು, ಔಷಧಿ ಕೊಟ್ಟ ಹಸುವಿನ ಹಾಲನ್ನ ಗಡುವು ಮುಗಿಯೋ ಮುಂಚೆ ಡೈರಿಗೆ ಸುರಿಯೋದು, ಇವೂ ಎರಡನೇ ಮಾತ್ರೆಯ ಅಣ್ಣತಮ್ಮಂದಿರೇ.

"ಅಷ್ಟು ಪುರುಸೊತ್ತು ಎಲ್ಲಿದೆ?"

ಈ ಪ್ರಶ್ನೆ ಬಂದೇ ಬರುತ್ತೆ, ಅದರಲ್ಲಿ ನ್ಯಾಯವೂ ಇದೆ. ಕಟಾವು ನಡೆಯೋವಾಗ ಒಂದು ದಿನ ಬಿಟ್ಟರೆ ಕೂಲಿ ಹೋಯ್ತು, ಲಾರಿ ಸರದಿ ತಪ್ಪಿತು. ರಾತ್ರಿ ಎಂಟಕ್ಕೆ ಬಾಗಿಲು ತೆಗೆದಿರೋದು ಮೆಡಿಕಲ್ ಶಾಪ್ ಒಂದೇ. ಅಂಗಡಿಯವನು ನಮ್ಮೂರ ಹುಡುಗನೇ, ಕಷ್ಟಕ್ಕೆ ಆಗೋನು. ಅವನನ್ನ ಬೈದು ಪ್ರಯೋಜನ ಇಲ್ಲ. ನಾವು ಕೇಳೋದನ್ನ ಬಿಟ್ಟರೆ ಅವನೂ ಕೊಡೋದನ್ನ ಬಿಡ್ತಾನೆ.

ಆದರೆ ಲೆಕ್ಕ ಹಾಕಿ ನೋಡಿ. ಮೂರನೇ ದಿನ ಪರೀಕ್ಷೆಗೆ ಹೋದರೆ ಹಾಳಾಗೋದು ಒಂದು ದಿನ. ಹತ್ತನೇ ದಿನ ಮಡಿಚೋಕೆ ಬಾರದ ಕೈ ಹಿಡ್ಕೊಂಡು ವಾರ್ಡಿಗೆ ಸೇರಿದರೆ ಹಾಳಾಗೋದು ಆ ಸುಗ್ಗಿಯೇ. ಡ್ರಿಪ್ಪಿನಲ್ಲಿ ಕೊಡೋ ವ್ಯಾಂಕೊಮೈಸಿನ್ ತರದ ಔಷಧಿಗೆ ಆಸ್ಪತ್ರೆಯಲ್ಲೇ ಮಲಗಬೇಕು.

ಹೊಣೆ ಪೂರ್ತಿ ರೈತನ ಮೇಲೆ ಹಾಕೋದೂ ಸರಿಯಲ್ಲ. ನಮ್ಮ ಹಳ್ಳಿಗಳಿಂದ ದಿನಕ್ಕೆ ಎರಡು ಸಲ ಹಾಲು ಹೊರಟು ಗೆಜ್ಜಲಗೆರೆ ಡೈರಿಗೆ ಸೇರುತ್ತೆ. ಕ್ಷಯ ಪರೀಕ್ಷೆಗೆ ಕಫದ ಡಬ್ಬಿ ಆರೋಗ್ಯ ಕೇಂದ್ರದಿಂದ ಲ್ಯಾಬಿಗೆ ಹೋಗೋ ಏರ್ಪಾಡು ಈಗಾಗಲೇ ಇದೆ. ಹಾಗಿದ್ದ ಮೇಲೆ ಕೀವಿನ ಒಂದು ಹತ್ತಿ ಕಡ್ಡಿ ಕೆ.ಆರ್. ಪೇಟೆಯಿಂದಲೋ ಪಾಂಡವಪುರದಿಂದಲೋ ಮಂಡ್ಯಕ್ಕೆ ಹೋಗೋಕೆ ಏನು ಅಡ್ಡಿ? ರೋಗಿಯನ್ನ ಓಡಾಡಿಸೋ ಬದಲು ಮಾದರಿಯನ್ನ ಕಳಿಸಿ, ವರದಿಯನ್ನ ಫೋನಿಗೆ ಹಾಕೋ ವ್ಯವಸ್ಥೆ ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಇರಬೇಕು. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಕೇಳೋ ಹಾಗೆ ಇದನ್ನೂ ಕೇಳಿ. ಶಾಸಕರು ಎದುರಿಗೆ ಸಿಕ್ಕಾಗ ಟ್ರಾನ್ಸ್‌ಫಾರ್ಮರ್ ಅರ್ಜಿ ಜೊತೆಗೆ ಈ ಅರ್ಜಿಯನ್ನೂ ಕೊಡಿ.

ಅಲ್ಲಿ ತನಕ ನಿಮ್ಮ ಕೈಲಿರೋದು ಇಷ್ಟು: ಗೆರೆ ಎಳೀರಿ, ಫೋಟೋ ತೆಗೀರಿ, 48 ಗಂಟೆ ಲೆಕ್ಕ ಇಡಿ, ಬಗ್ಗದಿದ್ದರೆ ಕೀವು ಪರೀಕ್ಷೆ ಕೇಳಿ. ಡಾಕ್ಟರ್ ಬರೆದ ಮಾತ್ರೆಯನ್ನ ಬರೆದಷ್ಟು ದಿನ ತಗೊಳ್ಳಿ, ಉಳಿಸಿಟ್ಟು ಇನ್ನೊಬ್ಬರಿಗೆ ಕೊಡಬೇಡಿ. ಈ ಲೇಖನವನ್ನ ನಿಮ್ಮ ಹಾಲಿನ ಸಂಘದ ಗ್ರೂಪಿಗೆ, ಕಬಡ್ಡಿ ಟೀಮಿನ ಗ್ರೂಪಿಗೆ ಕಳಿಸಿ. ಕಟಾವು ಗ್ಯಾಂಗಿನಲ್ಲಿ ಫೋನ್ ಇಲ್ಲದವರಿಗೆ ಬಾಯಲ್ಲಿ ಹೇಳಿ, ಸೋಗೆ ಗೀರು ಜಾಸ್ತಿ ಬೀಳೋದು ಅವರ ಕೈಗೇ.